ವಿಶೇಷಣ ಉಪವಾಕ್ಯವೂ ಶಾಸನದ ಓದೂ: ಸಾಗರ, ಹೊಸನಗರ, ತೀರ್ಥಹಳ್ಳಿ ಶಾಸನಗಳ ಇಂಗ್ಲಿಷ್ ಅನುವಾದವನ್ನು ಕುರಿತು

೧

ಇತಿಹಾಸದ ಅಧ್ಯಾಪಕನಾದವನು ಇಂಗ್ಲಿಷ್ ವ್ಯಾಕರಣದ ಒಂದು ಪ್ರಕರಣವನ್ನು ಕುರಿತು ಬರೆಯಹೊರಟರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ನನ್ನ ಕಾರಣ ಸರಳವಾದುದು. ಮಲೆನಾಡಿನ ಇತಿಹಾಸವನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಶಾಸನವನ್ನು ಮೊದಲು ಕಾಣುವುದು ಇಂಗ್ಲಿಷ್ ಅನುವಾದದಲ್ಲಿ. ಕಲ್ಲನ್ನು ನೋಡುವುದು ಆಮೇಲಿನ ಮಾತು. ಮೂಲದ ಹಳಗನ್ನಡವನ್ನು ನೋಡುವುದು ಅದಕ್ಕೂ ಆಮೇಲಿನದು. ಆ ಅನುವಾದಗಳ ವಾಕ್ಯರಚನೆಯಲ್ಲಿ ಅತ್ಯಂತ ಹೆಚ್ಚಿನ ಭಾರವನ್ನು ಹೊರುವ ಅಂಗವೆಂದರೆ ವಿಶೇಷಣ ಉಪವಾಕ್ಯ. ಎಂದರೆ 'ಹೂ', 'ಹೂಮ್', 'ಹೂಸ್', 'ವಿಚ್', 'ದಟ್', 'ವೇರ್' ಮೊದಲಾದ ಪದಗಳಿಂದ ಆರಂಭವಾಗಿ, ಹಿಂದೆ ಬಂದ ನಾಮಪದವನ್ನು ವಿಶೇಷಿಸುವ ಉಪವಾಕ್ಯ. ಈ ಅಂಗವನ್ನು ತಪ್ಪಾಗಿ ಗ್ರಹಿಸಿದರೆ ಕೇವಲ ವ್ಯಾಕರಣದ ಅಂಕಗಳು ನಷ್ಟವಾಗುವುದಿಲ್ಲ. ಇಲ್ಲದ ರಾಜಪುತ್ರರು ಹುಟ್ಟಿಕೊಳ್ಳುತ್ತಾರೆ. ನಡೆಯದ ದಂಡಯಾತ್ರೆಗಳು ನಡೆಯುತ್ತವೆ. ಒಬ್ಬರ ಗದ್ದೆ ಮತ್ತೊಬ್ಬರದಾಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ನಮಗೆ ಆಧಾರಗ್ರಂಥವಾಗಿರುವುದು ಬೆಂಜಮಿನ್ ಲೂಯಿ ರೈಸರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಎಂಟನೆಯ ಸಂಪುಟ. ೧೯೦೪ರಲ್ಲಿ ಪ್ರಕಟವಾದ ಈ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅಲ್ಲಿ 'ನಗರ' ಎಂದಿರುವುದು ಇಂದಿನ ಹೊಸನಗರ ತಾಲ್ಲೂಕು. ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯಲ್ಲಿ ಪಾಠ, ಕನ್ನಡ ಲಿಪಿಯಲ್ಲಿ ಪಾಠ, ಇಷ್ಟೂ ಒಂದೇ ಕಟ್ಟಿನಲ್ಲಿ ದೊರೆಯುತ್ತವೆ. ರೈಸರ ಶ್ರಮವನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಅನುವಾದವನ್ನು ಮೂಲದೊಡನೆ ಹೋಲಿಸಿ ನೋಡುವ ಸಾಧನವನ್ನು ಅವರು ತಾವಾಗಿಯೇ ಓದುಗನ ಕೈಗಿತ್ತಿದ್ದಾರೆ. ಆ ಸಾಧನವನ್ನು ನಾವು ಉಪಯೋಗಿಸುತ್ತಿಲ್ಲವೆಂಬುದೇ ಪ್ರಸ್ತುತ ಲೇಖನದ ಆಕ್ಷೇಪ. ಆದುದರಿಂದ ಇಲ್ಲಿಯ ವಿಮರ್ಶೆ ರೈಸರ ಮೇಲಿನದಕ್ಕಿಂತ ಹೆಚ್ಚಾಗಿ ನಮ್ಮ ಓದಿನ ಮೇಲಿನದು. ನಮ್ಮ ತರಗತಿಗಳಲ್ಲಿ ಈ ಉಪವಾಕ್ಯವನ್ನು ಕಲಿಸುವ ಕ್ರಮದ ಮೇಲಿನದು.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಯುಕ್ತ. ಮುಂದೆ ಉದಾಹರಣೆಗಾಗಿ ಕೊಟ್ಟಿರುವ ವಾಕ್ಯಗಳು ಯಾವುದೇ ಶಾಸನದಿಂದ ಎತ್ತಿಕೊಂಡವಲ್ಲ. ಶಾಸನಗಳ ಮಾತಿನ ರೀತಿಯನ್ನು ಅನುಸರಿಸಿ ನಾನೇ ರಚಿಸಿದವು. ಬಿರುದುಗಳು, ವ್ಯಕ್ತಿಗಳು, ಸ್ಥಳಗಳು ಮಾತ್ರ ಇತಿಹಾಸಕ್ಕೆ ಸೇರಿದವು.

೨

ಇಂಗ್ಲಿಷಿನ ವಿಶೇಷಣ ಉಪವಾಕ್ಯಕ್ಕೆ ಕನ್ನಡದಲ್ಲಿ ಸಂವಾದಿಯಾಗಿರುವುದು ಕೃದಂತ ವಿಶೇಷಣ: ಮಾಡಿದ, ಮಾಡುವ, ಮಾಡದ. ದ್ರಾವಿಡ ಭಾಷೆಗಳಲ್ಲಿ ಸಂಬಂಧ ಸರ್ವನಾಮದ ಕೆಲಸವನ್ನು ಕ್ರಿಯಾಪದದ ಈ ರೂಪವೇ ನಿರ್ವಹಿಸುತ್ತದೆಂಬುದನ್ನು ಕಾಲ್ಡ್‌ವೆಲ್ ತಮ್ಮ ೧೮೫೬ರ ತೌಲನಿಕ ವ್ಯಾಕರಣದಲ್ಲಿಯೇ ವಿವರಿಸಿದರು. 'ಯಾವನು ಬಂದನೋ ಅವನು' ಎಂಬ ರಚನೆ ಕನ್ನಡದಲ್ಲಿ ಇಲ್ಲವೆಂದಲ್ಲ. ಶಾಸ್ತ್ರದ ಮಾತಿಗೂ ಗಾದೆಯ ಮಾತಿಗೂ ಅದು ಒದಗುತ್ತದೆ. ಆದರೆ ನಿತ್ಯದ ಮಾತಿಗೂ ಶಾಸನದ ಗದ್ಯಕ್ಕೂ ಸಹಜವಾದುದು 'ಬಂದವನು', 'ಬಂದ ಅರಸು' ಎಂಬ ರಚನೆಯೇ.

ಈ ಎರಡು ರಚನೆಗಳಲ್ಲಿ ಸ್ಥಾನಭೇದವಿರುವುದನ್ನು ಎಲ್ಲರೂ ಬಲ್ಲರು. ಕನ್ನಡದಲ್ಲಿ ವಿಶೇಷಣ ಮುಂದೆ ನಿಲ್ಲುತ್ತದೆ, ವಿಶೇಷ್ಯ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ನಾಮಪದ ಮೊದಲು ಬಂದು ಉಪವಾಕ್ಯ ಅದನ್ನು ಹಿಂಬಾಲಿಸುತ್ತದೆ. ತರಗತಿಯಲ್ಲಿ ನಾವು ಇಷ್ಟನ್ನು ಹೇಳಿ ಮುಗಿಸುತ್ತೇವೆ. ಆದರೆ ಸ್ಥಾನಭೇದ ಮೇಲ್ಮೈಯ ಸಂಗತಿ. ಅದಕ್ಕಿಂತ ಆಳವಾದ ಭೇದವೆಂದರೆ, ಕನ್ನಡದ ಕೃದಂತ ಹೇಳದೆ ಬಿಡಬಹುದಾದ ಕೆಲವು ಸಂಗತಿಗಳನ್ನು ಇಂಗ್ಲಿಷಿನ ಉಪವಾಕ್ಯ ಹೇಳಲೇಬೇಕಾಗುತ್ತದೆ. ವಿಶೇಷ್ಯಕ್ಕೂ ಕ್ರಿಯೆಗೂ ಇರುವ ಸಂಬಂಧವೇನು, ವಿಶೇಷಣ ಬೇರ್ಪಡಿಸಲು ಬಂದಿದೆಯೋ ಬಣ್ಣಿಸಲು ಬಂದಿದೆಯೋ, ಕ್ರಿಯೆ ನಡೆದ ಕಾಲ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಅನುವಾದಕನು ಉತ್ತರ ಕೊಡದೆ ಒಂದು ಹೆಜ್ಜೆಯನ್ನೂ ಇಡಲಾರನು. ಶಾಸನವು ಉತ್ತರ ಕೊಟ್ಟಿರದಿದ್ದರೂ ಅನುವಾದ ಕೊಟ್ಟಿರುತ್ತದೆ. ಓದುಗನು ಆ ಉತ್ತರವನ್ನು ಕಲ್ಲಿನ ಮಾತೆಂದು ನಂಬುತ್ತಾನೆ. ತೊಡಕಿರುವುದು ಇಲ್ಲಿಯೇ. ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

೩

ಮೊದಲನೆಯದು ಸಂಬಂಧದ ಪ್ರಶ್ನೆ. 'ಕೊಟ್ಟ ಊರು' ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಅರಸನು ದಾನವಾಗಿ ಕೊಟ್ಟ ಊರು ಎಂದೂ ಆಗಬಹುದು. ಅರಸನು ಬೀಡುಬಿಟ್ಟಿದ್ದು ದಾನವನ್ನು ಕೊಟ್ಟ ಊರು, ಎಂದರೆ ಕೊಡುವ ಕ್ರಿಯೆ ನಡೆದ ಸ್ಥಳ ಎಂದೂ ಆಗಬಹುದು. ದಾನ ಕೊಡುವುದರಲ್ಲಿ ಮುಂದಾದ ಊರವರು ಎಂಬ ಅರ್ಥವೂ ಸಾಧ್ಯ. ಕನ್ನಡದಲ್ಲಿ ಈ ಮೂರಕ್ಕೂ ಒಂದೇ ರೂಪ. ಸುತ್ತಲಿನ ಮಾತುಗಳೇ ಅರ್ಥವನ್ನು ನಿಶ್ಚಯಿಸಬೇಕು. ಇಂಗ್ಲಿಷಿನಲ್ಲಾದರೋ ಒಂದಕ್ಕೆ 'ವಿಚ್', ಇನ್ನೊಂದಕ್ಕೆ 'ವೇರ್'. ಮೂರನೆಯದರಲ್ಲಿ ಊರೇ ಕರ್ತೃ. ಸುತ್ತಲಿನ ಮಾತುಗಳು ಸ್ಪಷ್ಟವಾಗಿರುವಲ್ಲಿ ತೊಂದರೆಯಿಲ್ಲ. ಕಲ್ಲು ಒಡೆದಿರುವಲ್ಲಿ, ಸಾಲಿನ ಆರಂಭ ಸವೆದಿರುವಲ್ಲಿ ಅನುವಾದಕನ ಆಯ್ಕೆ ಒಂದು ಊಹೆ. ಆ ಊಹೆ 'ವಿಚ್' ಆಗಿ ಅಚ್ಚಾದ ಮೇಲೆ ಊಹೆಯೆಂಬ ಗುರುತು ಉಳಿಯುವುದಿಲ್ಲ. ಅರಸನ ಬೀಡು ದಾನದ ಗ್ರಾಮವಾಗಿಬಿಡುತ್ತದೆ.

ವೀರಗಲ್ಲುಗಳಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. 'ಕಳ್ಳರಂ ಕೊಂದ ನಾಯಕಂ' ಎಂದರೆ ಕಳ್ಳರನ್ನು ಕೊಂದವನು. 'ಕಳ್ಳರ್ ಕೊಂದ ನಾಯಕಂ' ಎಂದರೆ ಕಳ್ಳರ ಕೈಯಿಂದ ಸತ್ತವನು. ಹಳಗನ್ನಡದಲ್ಲಿ ವಿಭಕ್ತಿ ಸ್ಪಷ್ಟವಾಗಿರುವುದರಿಂದ ಎರಡಕ್ಕೂ ಭೇದವಿದೆ. ಆದರೆ ಆ ಭೇದವೆಲ್ಲ ಒಂದು ಸೊನ್ನೆಯ ಮೇಲೆ ನಿಂತಿದೆ. ಮಲೆನಾಡಿನ ಮಳೆಗೆ ಒಡ್ಡಿಕೊಂಡು ನಿಂತ ಕಲ್ಲಿನಲ್ಲಿ ಸೊನ್ನೆ ಸವೆದುಹೋಗುವುದು ಅಪರೂಪವೇನೂ ಅಲ್ಲ. ಇಂಗ್ಲಿಷಿನಲ್ಲಿ ಈ ಭೇದ ವಾಕ್ಯದ ರಚನೆಯಲ್ಲಿಯೇ ಇದೆ: 'ಹೂ' ಎಂದರೆ ಕೊಂದವನು, 'ಹೂಮ್' ಎಂದರೆ ಕೊಲ್ಲಲ್ಪಟ್ಟವನು. ಕಲ್ಲಿನ ಶಿಲ್ಪವನ್ನು ನೋಡಿ ನಿಶ್ಚಯಿಸಬಹುದಲ್ಲವೆ ಎಂದು ಕೇಳಬಹುದು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಕೈಲಾಸ. ವೀರನು ಕೊಂದು ಸತ್ತಿದ್ದರೂ ಕೊಲ್ಲದೆ ಸತ್ತಿದ್ದರೂ ಶಿಲ್ಪ ಒಂದೇ. ಇಂತಲ್ಲಿ ಅನುವಾದದ ಒಂದಕ್ಷರವನ್ನು ನಂಬಿ ವೀರನ ಪರಾಕ್ರಮವನ್ನು ವರ್ಣಿಸುವವನು ಮೂಲದ ಆ ಸೊನ್ನೆ ಉಳಿದಿದೆಯೇ ಎಂದು ನೋಡುವುದು ಅವಶ್ಯಕ.

ಇದಕ್ಕೆ ಸೇರಿದ ಇನ್ನೊಂದು ತೊಡಕು ಅನ್ವಯದ್ದು. 'ಹೊಳೆಯ ದಡದಲ್ಲಿರುವ ಮಠದ ಗದ್ದೆ' ಎಂದಾಗ ಹೊಳೆಯ ದಡದಲ್ಲಿರುವುದು ಮಠವೋ ಗದ್ದೆಯೋ? ತೀರ್ಥಹಳ್ಳಿಯ ತುಂಗೆಯ ದಡದಲ್ಲಿ ನಿಂತು ಈ ಮಾತನ್ನು ಆಡುವವನಿಗೆ ಸಂದೇಹವಿರುವುದಿಲ್ಲ. ಅವನು ಕೈತೋರಿಸಿ ಹೇಳುತ್ತಾನೆ. ಕಾಗದದ ಮೇಲೆ ಓದುವವನಿಗೆ ಕೈತೋರಿಸುವವರಿಲ್ಲ. ಇಂಗ್ಲಿಷಿನ ವಿಶೇಷಣ ಉಪವಾಕ್ಯಕ್ಕೂ ಇದೇ ಚಾಪಲ್ಯವಿದೆ. ತನಗೆ ಹತ್ತಿರವಿರುವ ನಾಮಪದವನ್ನು ಅಂಟಿಕೊಳ್ಳುವುದು ಅದರ ಸ್ವಭಾವ. ಆದುದರಿಂದಲೇ ವ್ಯಾಕರಣಗಳು ಉಪವಾಕ್ಯವನ್ನು ಅದರ ವಿಶೇಷ್ಯದ ಪಕ್ಕದಲ್ಲಿಯೇ ಇರಿಸಬೇಕೆಂದು ವಿಧಿಸುತ್ತವೆ. ದಾನಶಾಸನಗಳಲ್ಲಿ ಇಂಥ ಸಂದೇಹವನ್ನು ನಿವಾರಿಸುವುದು ಚತುಸ್ಸೀಮೆಯ ವಿವರ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆಗಳನ್ನೂ, ಲಿಂಗಮುದ್ರೆಯ ಕಲ್ಲು ನೆಟ್ಟ ಸ್ಥಳವನ್ನೂ ಹೇಳುವ ಭಾಗವನ್ನು ವಿದ್ಯಾರ್ಥಿಗಳು ನೀರಸವೆಂದು ಹಾರಿಸಿಬಿಡುತ್ತಾರೆ. ಮೇಲಿನ ಉಪವಾಕ್ಯ ಯಾವ ನಾಮಪದಕ್ಕೆ ಸೇರಬೇಕೆಂಬುದನ್ನು ತೀರ್ಮಾನಿಸುವ ಸಾಕ್ಷಿ ಅಲ್ಲಿಯೇ ಅಡಗಿರುತ್ತದೆ.

೪

ಎರಡನೆಯದು, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದುದು, ವಿಶೇಷಣದ ಪ್ರಯೋಜನವನ್ನು ಕುರಿತ ಪ್ರಶ್ನೆ. ವಿಶೇಷಣಗಳಲ್ಲಿ ಎರಡು ಬಗೆ. ಒಂದು ಬಗೆಯದು ವಿಶೇಷ್ಯವನ್ನು ಅದೇ ಜಾತಿಯ ಇತರ ವಸ್ತುಗಳಿಂದ ಬೇರ್ಪಡಿಸುತ್ತದೆ; ಇದನ್ನು ನಮ್ಮ ಸಂಸ್ಕೃತ ಶಾಸ್ತ್ರಕಾರರ ಪರಿಭಾಷೆಯಲ್ಲಿ ವ್ಯಾವರ್ತಕವೆನ್ನಬಹುದು. ಇನ್ನೊಂದು ಬಗೆಯದು ಈಗಾಗಲೇ ಗೊತ್ತಾಗಿರುವ ವಿಶೇಷ್ಯಕ್ಕೆ ಒಂದು ಹೆಚ್ಚಿನ ವಿವರವನ್ನು ಸೇರಿಸುತ್ತದೆ. ಇದನ್ನು ವರ್ಣಕವೆಂದು ಕರೆಯೋಣ. ಇಂಗ್ಲಿಷ್ ಬರೆಹದಲ್ಲಿ ಇವೆರಡನ್ನೂ ಬೇರೆಮಾಡುವುದು ಅಲ್ಪವಿರಾಮದ ಒಂದು ಚಿಹ್ನೆ. ಅಲ್ಪವಿರಾಮವಿಲ್ಲದ ಉಪವಾಕ್ಯ ವ್ಯಾವರ್ತಕ. ಅಲ್ಪವಿರಾಮದಿಂದ ಬೇರ್ಪಟ್ಟುದು ವರ್ಣಕ. 'ದಟ್' ಎಂಬುದನ್ನು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಬಳಸುತ್ತಾರೆ. ಕನ್ನಡದ ಕೃದಂತಕ್ಕೆ ಇಂಥ ಗುರುತಿಲ್ಲ. ಶಾಸನವನ್ನು ಕೊರೆದ ಓಜನ ಬಳಿ ಅಲ್ಪವಿರಾಮವೂ ಇರಲಿಲ್ಲ. ಇದ್ದರೆ ಪದ್ಯದ ಕೊನೆಯಲ್ಲಿ ಹಾಕುವ ದಂಡ ಮಾತ್ರ. ಅನುವಾದದಲ್ಲಿ ಕಾಣುವ ಪ್ರತಿಯೊಂದು ಅಲ್ಪವಿರಾಮವೂ ಅನುವಾದಕನದು.

ಇದರ ಪರಿಣಾಮವೇನೆಂಬುದನ್ನು ಹೊಂಬುಜದ ಒಂದು ಪ್ರಸಂಗದಿಂದ ತಿಳಿಯಬಹುದು. ಹೊಸನಗರ ತಾಲ್ಲೂಕಿನ ಹೊಂಬುಜ ಸಾಂತರರ ರಾಜಧಾನಿಯಾಗಿದ್ದ ಊರು. ಅಲ್ಲಿಯ ಪಂಚಬಸದಿಯ ೧೦೭೭ರ ದೀರ್ಘ ಶಾಸನ ಈ ವಂಶದ ಇತಿಹಾಸಕ್ಕೆ ಮುಖ್ಯ ಆಧಾರ. ಉರ್ವೀತಿಲಕವೆನಿಸಿದ ಈ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿ ಗಂಗರ ಮನೆಯ ಮಗಳು, ಕಾಡುವೆಟ್ಟಿಯ ರಾಣಿ. ತೀರಿಹೋದ ತಂಗಿಯ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರನ್ನು ಆಕೆ ತನ್ನ ಮಕ್ಕಳೆಂದೇ ಬಗೆದು ಬೆಳೆಸಿದಳು. ಈಗ ಈ ಸಂಗತಿಯನ್ನು ಕನ್ನಡದಲ್ಲಿ ಹೀಗೆ ಹೇಳೋಣ: 'ಚಟ್ಟಲದೇವಿ ಸಾಕಿದ ತಂಗಿಯ ಮಕ್ಕಳು ಬಸದಿಗೆ ನೆರವಾದರು.' ಕನ್ನಡದ ಕಿವಿಗೆ ಇದರಲ್ಲಿ ಏನೂ ಕೊರತೆಯಿಲ್ಲ. ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ತಂಗಿಯ ಮಕ್ಕಳು ಎಂಬುದರ ಮುಂದೆ ಅಲ್ಪವಿರಾಮವಿಟ್ಟು 'ಹೂಮ್' ಎಂದು ಮುಂದುವರಿಸಿದರೆ, ತಂಗಿಗೆ ಇದ್ದ ಮಕ್ಕಳೆಲ್ಲರೂ ಇವರೇ, ಇವರೆಲ್ಲರನ್ನೂ ಚಟ್ಟಲದೇವಿ ಸಾಕಿದಳು ಎಂದು ಅರ್ಥ. ಅಲ್ಪವಿರಾಮವಿಲ್ಲದೆ ಬರೆದರೆ, ತಂಗಿಯ ಮಕ್ಕಳಲ್ಲಿ ಚಟ್ಟಲದೇವಿ ಸಾಕಿದವರು ಕೆಲವರು, ಸಾಕದವರು ಬೇರೆ ಕೆಲವರು ಎಂಬ ಧ್ವನಿ ಹೊರಡುತ್ತದೆ. ಎರಡನೆಯ ವಾಕ್ಯವನ್ನು ಓದಿದ ಜಾಗರೂಕ ವಿದ್ಯಾರ್ಥಿ ವಂಶವೃಕ್ಷದಲ್ಲಿ ಒಂದು ಖಾಲಿ ಕೊಂಬೆಯನ್ನು ಬರೆದು, ಅದರ ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುತ್ತಾನೆ. ಆ ಕೊಂಬೆಯನ್ನು ಬೆಳೆಸಿದುದು ಶಾಸನವೇ, ಅಚ್ಚಿನಲ್ಲಿ ಬಿಟ್ಟುಹೋದ ಒಂದು ಚಿಹ್ನೆಯೇ ಎಂಬುದನ್ನು ಮೂಲವನ್ನು ನೋಡದೆ ತಿಳಿಯುವುದಕ್ಕಾಗದು. ಮೂಲದಲ್ಲಿ ನಾಲ್ಕು ಹೆಸರುಗಳನ್ನು ಎಣಿಸಿ ಹೇಳಿರುವುದೇ ಇಲ್ಲಿ ನಿರ್ಣಾಯಕವಾದ ಸಾಕ್ಷಿ.

ಅಂಕಿತನಾಮಗಳ ವಿಷಯದಲ್ಲಿ ವ್ಯಾಕರಣದ ಪುಸ್ತಕಗಳು ಒಂದು ನಿಯಮವನ್ನು ಕಲಿಸುತ್ತವೆ: ಅಂಕಿತನಾಮ ತಾನಾಗಿಯೇ ಒಂದನ್ನು ನಿರ್ದೇಶಿಸುವುದರಿಂದ ಅದಕ್ಕೆ ವರ್ಣಕ ಉಪವಾಕ್ಯವೇ ಸಲ್ಲುತ್ತದೆ, ಅಲ್ಪವಿರಾಮ ಅವಶ್ಯಕ. ಈ ನಿಯಮ ಸಾಮಾನ್ಯವಾಗಿ ಸರಿ. ಆದರೆ ಇತಿಹಾಸಕಾರನಿಗೆ ಇದು ಎಲ್ಲ ಕಡೆಯೂ ಸಾಲದು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ೧೬೨೩ರಲ್ಲಿ, ವೆಂಕಟಪ್ಪನಾಯಕನ ಆಳ್ವಿಕೆಯಲ್ಲಿ, ಇಕ್ಕೇರಿಗೆ ಬಂದಿದ್ದನು. 'ಡೆಲ್ಲಾ ವಾಲೆ ಕಂಡ ಇಕ್ಕೇರಿ' ಎಂದಾಗ ನಮ್ಮ ಉದ್ದೇಶ ಎರಡು ವಿಧವಾಗಿರಬಹುದು. ಇಕ್ಕೇರಿಯೆಂಬ ಊರು, ಅದನ್ನು ಡೆಲ್ಲಾ ವಾಲೆಯೂ ಕಂಡಿದ್ದನು ಎಂಬುದು ಒಂದು. ರಾಜಧಾನಿಯಾಗಿ ಮೆರೆಯುತ್ತಿದ್ದ ಅಂದಿನ ಇಕ್ಕೇರಿ, ಎಂದರೆ ಅಘೋರೇಶ್ವರ ದೇವಾಲಯವೊಂದೇ ವೈಭವದ ಗುರುತಾಗಿ ಉಳಿದಿರುವ ಇಂದಿನ ಇಕ್ಕೇರಿಯಿಂದ ಬೇರೆಯಾದುದು ಎಂಬುದು ಇನ್ನೊಂದು. ಎರಡನೆಯ ಅರ್ಥಕ್ಕೆ ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ 'ದಿ' ಎಂಬುದನ್ನು ಸೇರಿಸಿ ವ್ಯಾವರ್ತಕ ಉಪವಾಕ್ಯವನ್ನೇ ಬಳಸುತ್ತಾರೆ. ಊರು ಒಂದೇ ಆದರೂ ಅದರ ಕಾಲಗಳು ಹಲವು. ಇತಿಹಾಸಕಾರನು ಬೇರ್ಪಡಿಸುವುದು ಆ ಕಾಲಗಳನ್ನು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಹೋದ ನಾಡು ನಮ್ಮದು. ಬಿದನೂರು ೧೭೬೩ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆನಿಸಿ ಕಡೆಗೆ ನಗರವಾಯಿತು. 'ಹೈದರನು ಗೆದ್ದ ನಗರ' ಎಂದು ಬರೆಯುವ ವಿದ್ಯಾರ್ಥಿ ಯಾವ ಕಾಲದ, ಯಾವ ಹೆಸರಿನ ಊರನ್ನು ಹೇಳುತ್ತಿದ್ದಾನೆಂಬುದನ್ನು ತಾನೇ ಮೊದಲು ತಿಳಿದಿರಬೇಕು.

೫

ಮೂರನೆಯದು ಕಾಲದ ಪ್ರಶ್ನೆ. 'ಮಠಕ್ಕೆ ಬರುವ ಜಂಗಮರ ಊಟಕ್ಕಾಗಿ' ಎಂಬ ಮಾತನ್ನು ನೋಡಿ. 'ಬರುವ' ಎಂಬುದು ವರ್ತಮಾನವೂ ಹೌದು, ಭವಿಷ್ಯವೂ ಹೌದು, ವಾಡಿಕೆಯನ್ನು ಹೇಳುವುದೂ ಹೌದು. ಕೆಳದಿಯ ನಾಯಕರು ಮಠಗಳಿಗೆ ಬಿಟ್ಟ ದತ್ತಿಗಳನ್ನು ಅಭ್ಯಾಸಮಾಡುವವನಿಗೆ ಈ ಭೇದ ಅಲ್ಪವಾದುದಲ್ಲ. ಆಗಲೇ ಬರುತ್ತಿದ್ದವರಿಗಾಗಿ ದತ್ತಿ ಬಿಟ್ಟರೆಂದರೆ ಆ ಮಠ ಮೊದಲೇ ಪ್ರಸಿದ್ಧವಾಗಿತ್ತೆಂದು ಊಹಿಸಬೇಕು. ಮುಂದೆ ಬರಲಿರುವವರಿಗಾಗಿ ಎಂದರೆ ಮಠ ಆಗತಾನೆ ಸ್ಥಾಪನೆಯಾದುದೆಂದೂ ಊಹಿಸಬಹುದು. ಇಂಗ್ಲಿಷಿನ ಉಪವಾಕ್ಯದ ಕ್ರಿಯಾಪದಕ್ಕೆ ಕಾಲದ ಗುರುತು ಬೇಕೇಬೇಕು. ಅನುವಾದಕನು ಯಾವುದೋ ಒಂದನ್ನು ಹಾಕುತ್ತಾನೆ. ನಾವು ಅದರ ಮೇಲೆ ಮಠದ ಪ್ರಾಚೀನತೆಯನ್ನು ಕಟ್ಟುತ್ತೇವೆ.

ಕಾಲದ ತೊಡಕು ಅತಿಶಯವಾಗಿ ಕಾಣುವುದು ಬಿರುದುಗಳಲ್ಲಿ. ಸಾಂತರರ ಬಿರುದಾವಳಿಯಲ್ಲಿ 'ಉತ್ತರಮಧುರಾಧೀಶ್ವರ', 'ಪದ್ಮಾವತೀಲಬ್ಧವರಪ್ರಸಾದ' ಎಂಬ ಮಾತುಗಳು ಬರುತ್ತವೆ. ಕೆಳದಿಯ ಅರಸರಿಗೆ 'ಎಡವ ಮುರಾರಿ', 'ಕೋಟೆ ಕೋಲಾಹಲ', 'ವಿಶುದ್ಧವೈದಿಕಾದ್ವೈತಸಿದ್ಧಾಂತಪ್ರತಿಷ್ಠಾಪಕ' ಎಂಬ ಬಿರುದುಗಳಿವೆ. ಇವು ಸಮಾಸಗಳು. ಇವುಗಳಲ್ಲಿ ಪೂರ್ಣಕ್ರಿಯಾಪದವಿಲ್ಲ, ಆದುದರಿಂದ ಕಾಲವೂ ಇಲ್ಲ. ತಂದೆಗೆ ಸಂದ ಬಿರುದು ಮಗನಿಗೂ ಮೊಮ್ಮಗನಿಗೂ ಸಲ್ಲುತ್ತದೆ. ಇವನ್ನು ವಿಶೇಷಣ ಉಪವಾಕ್ಯಗಳನ್ನಾಗಿ ಒಡೆದು, 'ಹೂ' ಎಂಬುದರ ಮುಂದೆ ಭೂತಕಾಲದ ಕ್ರಿಯಾಪದವನ್ನು ಇರಿಸಿದೊಡನೆ ಬಿರುದು ಘಟನೆಯಾಗುತ್ತದೆ. ಪದ್ಮಾವತಿಯ ವರವನ್ನು ಪಡೆದುದು ಐತಿಹ್ಯದ ಪ್ರಕಾರ ವಂಶದ ಮೂಲಪುರುಷನಾದ ಜಿನದತ್ತನು. ಉತ್ತರಮಧುರೆಯ ಒಡೆತನವೂ ಅವನು ಅಲ್ಲಿಂದ ಬಂದನೆಂಬ ಕಥೆಯ ನೆನಪು. ಉಪವಾಕ್ಯದ ರೂಪದಲ್ಲಿ ಓದಿದಾಗ ಪ್ರತಿಯೊಬ್ಬ ಸಾಂತರನೂ ತಾನೇ ದೇವಿಯ ಬಳಿಗೆ ಹೋಗಿ ವರವನ್ನು ಪಡೆದಂತೆ ಕಾಣುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಎಂ.ಎ. ತರಗತಿಯಲ್ಲಿದ್ದಾಗ ಬರೆದ ಒಂದು ಪ್ರಬಂಧದಲ್ಲಿ, ಅನುವಾದವನ್ನು ಮಾತ್ರ ಓದಿ, ಮೂವರು ಸಾಂತರ ಅರಸರು ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಹೊಂಬುಜದಲ್ಲಿ ವರವನ್ನು ಪಡೆದರೆಂದು ಬರೆದು, ಅದರಿಂದ ರಾಜ್ಯಾಭಿಷೇಕಕ್ಕೆ ಮುನ್ನ ನಡೆಯುತ್ತಿದ್ದ ಒಂದು ವಿಧಿಯನ್ನೇ ಕಲ್ಪಿಸಿದ್ದೆನು. ಪರೀಕ್ಷಕರು ಅಂಚಿನಲ್ಲಿ ಬರೆದುದು ಒಂದೇ ಪ್ರಶ್ನೆ: 'ಮೂಲದಲ್ಲಿ ಕ್ರಿಯಾಪದ ಎಲ್ಲಿದೆ?' ಗ್ರಂಥಾಲಯಕ್ಕೆ ಹೋಗಿ ಅದೇ ಸಂಪುಟದ ಕೊನೆಯ ಭಾಗದ ಕನ್ನಡ ಪಾಠವನ್ನು ತೆರೆದು ನೋಡಿದೆನು. ಕ್ರಿಯಾಪದವಿರಲಿಲ್ಲ. ಪ್ರಸ್ತುತ ಲೇಖನಕ್ಕೆ ಬೀಜ ಅಂದಿನ ಆ ಪ್ರಶ್ನೆಯೇ.

ರೈಸರ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದುದೊಂದಿದೆ. ಅವರು ಅನೇಕ ಕಡೆ ಬಿರುದುಗಳನ್ನು ಉಪವಾಕ್ಯಗಳಾಗಿ ಒಡೆಯದೆ ನಾಮಪದಗಳ ಸಾಲಾಗಿಯೇ ಉಳಿಸುತ್ತಾರೆ. ರೂಢಿಯ ಬಿರುದುಗಳೂ ಶಾಪವಾಕ್ಯಗಳೂ ಬಂದಲ್ಲಿ ಸಂಕ್ಷೇಪವಾಗಿ ಸೂಚಿಸಿ ಮುಂದೆ ಸಾಗುತ್ತಾರೆ. ಸಾವಿರಾರು ಶಾಸನಗಳನ್ನು ಕೈಗೆತ್ತಿಕೊಂಡವರು ಹಾಗೆ ಮಾಡದೆ ಗತ್ಯಂತರವಿರಲಿಲ್ಲ. ಆದರೆ ಈ ಸಂಕ್ಷೇಪದಿಂದ ಒಂದು ಅನನುಕೂಲವೂ ಇದೆ. ಒಂದು ಶಾಸನದಲ್ಲಿ ಬಿಟ್ಟುದನ್ನು ಇನ್ನೊಂದರಲ್ಲಿ ಅನುವಾದಿಸಿದ್ದರೆ, ಅನುವಾದವನ್ನೇ ನಂಬುವ ಓದುಗನಿಗೆ ಆ ಬಿರುದು ಎರಡನೆಯ ಅರಸನಿಗೆ ಮಾತ್ರ ಸೇರಿದುದೆಂದು ತೋರುತ್ತದೆ.

೬

ಇನ್ನು ನಮ್ಮ ಪಾಠಕ್ರಮದ ಮಾತು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವನ್ನಾಗಲಿ ಅದಕ್ಕೂ ಹಿಂದಿನ ನೆಸ್‌ಫೀಲ್ಡರ ವ್ಯಾಕರಣವನ್ನಾಗಲಿ ಓದದ ಅಧ್ಯಾಪಕರು ನಮ್ಮಲ್ಲಿ ವಿರಳ. ಉಪವಾಕ್ಯಗಳನ್ನು ಗುರುತಿಸುವುದು, ಎರಡು ವಾಕ್ಯಗಳನ್ನು ಸಂಬಂಧ ಸರ್ವನಾಮದಿಂದ ಜೋಡಿಸುವುದು, ಇವೇ ನಮ್ಮ ತರಗತಿಗಳ ಮುಖ್ಯ ಅಭ್ಯಾಸಗಳು. ಬೇರ್ಪಡಿಸುವ ಉಪವಾಕ್ಯಕ್ಕೂ ಬಣ್ಣಿಸುವ ಉಪವಾಕ್ಯಕ್ಕೂ ಇರುವ ಭೇದ ಪುಸ್ತಕದಲ್ಲಿ ಇಲ್ಲದಿಲ್ಲ. ನಾವು ಅದನ್ನು ನಾಲ್ಕು ಸಾಲುಗಳಲ್ಲಿ ಮುಗಿಸಿ, ಜೋಡಿಸುವ ಅಭ್ಯಾಸಕ್ಕೆ ನಾಲ್ಕು ವಾರಗಳನ್ನು ಕೊಡುತ್ತೇವೆ. ಫಲವಾಗಿ ವಿದ್ಯಾರ್ಥಿಗೆ ಉಪವಾಕ್ಯವೆಂದರೆ ಎರಡು ವಾಕ್ಯಗಳನ್ನು ಬೆಸೆಯುವ ಅಂಟು ಎಂಬ ಭಾವನೆ ಬೇರೂರುತ್ತದೆ. ಅದರಲ್ಲಿ ಒಂದು ಪ್ರತಿಪಾದನೆ ಅಡಗಿದೆಯೆಂಬುದು ಅವನ ಮನಸ್ಸಿಗೆ ಬರುವುದೇ ಇಲ್ಲ.

ವಿದ್ಯಾರ್ಥಿಗಳ ಬರೆವಣಿಗೆಯಲ್ಲಿ ಕಾಣುವ ತಪ್ಪುಗಳೂ ಇಲ್ಲಿಂದಲೇ ಹುಟ್ಟುತ್ತವೆ. 'ದಿ ಟೆಂಪಲ್ ವಿಚ್ ಇಟ್ ವಾಸ್ ಬಿಲ್ಟ್' ಎಂದು ಬರೆಯುವ ವಿದ್ಯಾರ್ಥಿ ಮೂರ್ಖನಲ್ಲ. 'ಯಾವುದು ಕಟ್ಟಲ್ಪಟ್ಟಿತೋ ಅದು' ಎಂಬ ಜೋಡಿ ಪದಗಳ ಪದ್ಧತಿಯನ್ನು ಅವನು ಇಂಗ್ಲಿಷಿಗೆ ಕೊಂಡೊಯ್ದಿದ್ದಾನೆ. ಇಂಗ್ಲಿಷಿನಲ್ಲಿ 'ವಿಚ್' ಒಂದೇ ಆ ಎರಡೂ ಕೆಲಸಗಳನ್ನು ಮಾಡುತ್ತದೆ, ಸರ್ವನಾಮವನ್ನು ಮತ್ತೆ ಹೇಳಬೇಕಾಗಿಲ್ಲ ಎಂದು ತೋರಿಸಿದರೆ ಅವನು ಒಂದೇ ದಿನದಲ್ಲಿ ತಿದ್ದಿಕೊಳ್ಳುತ್ತಾನೆ. ಇದಕ್ಕೆ ವಿರುದ್ಧವಾದ ತಪ್ಪು ಕನ್ನಡ ಪ್ರಬಂಧಗಳಲ್ಲಿ ಕಾಣುತ್ತದೆ. ಇಂಗ್ಲಿಷಿನ ಮೂರು ಉಪವಾಕ್ಯಗಳನ್ನು ಒಂದೇ ವಿಶೇಷ್ಯದ ಹಿಂದೆ ಕೃದಂತಗಳಾಗಿ ಪೇರಿಸಿ, ಓದುಗನು ನಾಮಪದವನ್ನು ತಲಪುವ ಹೊತ್ತಿಗೆ ವಾಕ್ಯದ ಮೊದಲನ್ನು ಮರೆಯುವಂತೆ ಮಾಡುತ್ತಾರೆ. ಅಂತಲ್ಲಿ ವರ್ಣಕ ಉಪವಾಕ್ಯವನ್ನು ಬೇರೆ ವಾಕ್ಯವಾಗಿ ಒಡೆಯುವುದೇ ಲೇಸು. ವ್ಯಾವರ್ತಕವನ್ನು ಮಾತ್ರ ಕೃದಂತವಾಗಿ ಉಳಿಸಿಕೊಳ್ಳಬೇಕು.

ಅನುವಾದಕನು ಏನನ್ನೂ ನಿರ್ಧರಿಸದೆ ಅನುವಾದಿಸಲಾದೀತೇ ಎಂದು ಆಕ್ಷೇಪಿಸಬಹುದು. ಆಗದು, ಆದರೆ ಅವಶ್ಯಕತೆಗಿಂತ ಹೆಚ್ಚಾಗಿ ನಿರ್ಧರಿಸದೆ ಇರಲಾದೀತು. ಅದಕ್ಕೆ ಬೇಕಾದ ಉಪಾಯ ಇಂಗ್ಲಿಷಿನಲ್ಲಿಯೇ ಇದೆ. ಕಾಲ ಅನಿಶ್ಚಿತವಾಗಿರುವಲ್ಲಿ ಪೂರ್ಣ ಉಪವಾಕ್ಯದ ಬದಲು 'ಗಿವನ್', 'ಕಮಿಂಗ್' ಮೊದಲಾದ ಕೃದಂತ ಪದಸಮುಚ್ಚಯವನ್ನು ಬಳಸಿದರೆ ಕಾಲವನ್ನು ಹೇಳದೆ ಬಿಡಬಹುದು. ಬಿರುದುಗಳನ್ನು ಬಿರುದುಗಳಾಗಿಯೇ, ನಾಮಪದಗಳಾಗಿಯೇ ಉಳಿಸಬಹುದು. ಅಲ್ಪವಿರಾಮದ ಆಯ್ಕೆಯನ್ನು ಮಾತ್ರ ತಪ್ಪಿಸಿಕೊಳ್ಳುವ ಹಾಗಿಲ್ಲ. ಅದಕ್ಕೆ ಆಧಾರವೇನೆಂದು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಓದುವವನು ಅನುಸರಿಸಬೇಕಾದ ಕ್ರಮವೂ ಕಷ್ಟದ್ದಲ್ಲ. ಅನುವಾದದಲ್ಲಿ ತನ್ನ ವಾದಕ್ಕೆ ಆಧಾರವಾಗುವ ಯಾವ ವಿಶೇಷಣ ಉಪವಾಕ್ಯ ಬಂದರೂ ಅವನು ಮೂಲಪಾಠವನ್ನು ತೆರೆದು ನಾಲ್ಕು ಸಂಗತಿಗಳನ್ನು ನೋಡಬೇಕು. ಅಲ್ಲಿ ಕೃದಂತವಿದೆಯೇ, ಬರಿಯ ಸಮಾಸವಿದೆಯೇ? ಕೃದಂತವಿದ್ದರೆ ವಿಶೇಷ್ಯಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ನಿಶ್ಚಯಿಸುವ ವಿಭಕ್ತಿ ಉಳಿದಿದೆಯೇ? ವಿಶೇಷಣ ಬೇರ್ಪಡಿಸುವುದೆಂದು ತಿಳಿಯಲು ಶಾಸನದಲ್ಲಿಯೇ ಬೇರೆ ಸಾಕ್ಷಿಯಿದ್ದು ಅನುವಾದಕನ ಅಲ್ಪವಿರಾಮವನ್ನು ಸಮರ್ಥಿಸುತ್ತದೆಯೇ? ಕ್ರಿಯೆಯ ಕಾಲ ಮೂಲದ್ದೇ, ಅನುವಾದದ್ದೇ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಇಂಗ್ಲಿಷ್ ವಾಕ್ಯವನ್ನು ಧೈರ್ಯವಾಗಿ ಉಪಯೋಗಿಸಬಹುದು.

ನಮ್ಮ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಇಂಗ್ಲಿಷಿನ ಅಧ್ಯಾಪಕರೂ ಇತಿಹಾಸದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ಕುಳಿತುಕೊಳ್ಳುತ್ತಾರೆ. ವಿಶೇಷಣ ಉಪವಾಕ್ಯವನ್ನು ಕಲಿಸುವ ವಾರದಲ್ಲಿ ಊರಿನ ಸಮೀಪದ ಒಂದು ಶಾಸನದ ಕನ್ನಡ ಪಾಠವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಅಕ್ಕಪಕ್ಕದಲ್ಲಿ ಬರೆಸಿ, ಮೂವರೂ ಸೇರಿ ಒಂದು ಗಂಟೆ ಪಾಠ ಹೇಳುವುದು ಅಸಾಧ್ಯವಾದ ಕಾರ್ಯವಲ್ಲ. ಕೃದಂತದ ಗುಟ್ಟು ಮಲೆನಾಡಿನ ವಿದ್ಯಾರ್ಥಿಗೆ ಹುಟ್ಟಿನಿಂದಲೇ ಗೊತ್ತು. 'ಹೋದ ಊರು', 'ಬಂದ ದಾರಿ' ಎಂದು ಅವನು ದಿನವೂ ಆಡುತ್ತಾನೆ. ಆ ತಿಳಿವಳಿಕೆಯನ್ನು ಅವನು ಇಂಗ್ಲಿಷ್ ಪುಸ್ತಕದ ಮುಂದೆ ಕುಳಿತಾಗಲೂ ಕೈಬಿಡದಂತೆ ನೋಡಿಕೊಳ್ಳುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಅಂಥ ಪಾಠದ ಮೊದಲ ಗಂಟೆಗೆ ಹೊಂಬುಜದ ೧೦೭೭ರ ಶಾಸನವನ್ನೇ ತೆಗೆದುಕೊಳ್ಳಬಹುದೆಂದು ಸೂಚಿಸುತ್ತೇನೆ.